ರೊಟ್ಟಿಯ ಒಲೆಯೂ ಮುಚ್ಚಿದ ಬಾಗಿಲೂ

ಮಾಗಿಯ ಚಳಿ ಮೊದಲಾಯಿತೆಂದರೆ ನಮ್ಮ ಗೋಕಾಕ-ಮೂಡಲಗಿ ಸೀಮೆಯ ಅಡಿಗೆಮನೆಗಳಿಗೆ ಹೊಸ ಕಳೆ ಬರುತ್ತದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಲು ಕಡಬು, ಶೇಂಗಾ ಹೋಳಿಗೆ. ಸಂಕ್ರಾಂತಿಯ ಹಿಂದಿನ ದಿನ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ. ನಿತ್ಯಕ್ಕೆ ಜೋಳದ ರೊಟ್ಟಿ ಇದ್ದೇ ಇದೆ. ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣನಿಂದ ಹೆಸರಾದ ಕುಲಗೋಡದಲ್ಲಿ, ಸೋದರತ್ತೆಯ ಮನೆಯಲ್ಲಿ, ಕಳೆದ ಚಳಿಗಾಲ ನಾವು ನಾಲ್ಕು ದಿನ ಕಳೆದೆವು. ಆ ನಾಲ್ಕು ದಿನಗಳಲ್ಲಿ ಒಲೆಯ ಮುಂದೆ ಕಂಡದ್ದನ್ನೂ, ಕಂಡು ನಾಚಿದ್ದನ್ನೂ ವಿದ್ಯಾರ್ಥಿಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಕಂಡದ್ದು. ಗೋಧಿಯ ಹಿಟ್ಟಿಗೆ ಎಳೆದರೂ ಹರಿಯದ ಅಂಟು ಉಂಟು. ಜೋಳದ ಹಿಟ್ಟಿಗೆ ಆ ಗುಣವಿಲ್ಲ. ತಣ್ಣೀರಿನಲ್ಲಿ ಕಲಸಿ ಬಡಿದರೆ ಅಂಚೆಲ್ಲ ಬಿರಿಯುವುದು. ಆದುದರಿಂದಲೇ ನಮ್ಮ ತಾಯಂದಿರು ಕುದಿಯುವ ಎಸರನ್ನು ಹಿಟ್ಟಿಗೆ ಹೊಯ್ಯುತ್ತಾರೆ. ಸುಮಾರು 70 ಡಿಗ್ರಿ ಸೆಂಟಿಗ್ರೇಡಿಗೆ ಮೇಲ್ಪಟ್ಟು ಜೋಳದ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಜಿಗುಟಾಗುತ್ತವೆ. ಅಂಟಿನ ಕೊರತೆಯನ್ನು ಆ ಜಿಗುಟು ತುಂಬುತ್ತದೆ. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ನೀರು ಸವರುವುದೂ ಹೀಗೆಯೇ ಅರ್ಥವುಳ್ಳ ಕ್ರಿಯೆ. ಆ ನೀರಿನ ಪದರು ಆರುವವರೆಗೆ ಮೇಲ್ಮೈಯ ಉಷ್ಣತೆ 100 ಡಿಗ್ರಿಯನ್ನು ದಾಟಲಾರದು. ಒಳಗು ಬೇಯುವ ಮುನ್ನ ಮೇಲ್ಮೈ ಒಣಗಿ ಬಿರಿಯದು. ಮುಂದೆ ಕೆಂಡದ ಎದುರಿಗೆ ನಿಲ್ಲಿಸಿದಾಗ ಒಳಗಿನ ತೇವವು ಉಗಿಯಾಗುತ್ತದೆ. ಒಂದು ಗ್ರಾಂ ನೀರು ಉಗಿಯಾಗಲು ಸುಮಾರು 540 ಕ್ಯಾಲೊರಿ ಶಾಖ ಬೇಕು. ಆದ ಬಳಿಕ ಅದು ಸುಮಾರು 1,670 ಘನ ಸೆಂಟಿಮೀಟರ್ ಜಾಗವನ್ನು ಬೇಡುತ್ತದೆ. ಎಲ್ಲಿಯೂ ಬಿರುಕಿಲ್ಲದಿದ್ದರೆ ರೊಟ್ಟಿ ಪೂರಿಯಂತೆ ಉಬ್ಬಿ ಎರಡು ಪದರಾಗುತ್ತದೆ. ಬಿರುಕಿದ್ದರೆ ಉಗಿ ಓಡಿಹೋಗುತ್ತದೆ. ಗುಪ್ತೋಷ್ಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣವನ್ನು ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾವು ಕಂಡಿಲ್ಲ.

ಇನ್ನು ನಾಚಿದ್ದು. ಅತ್ತೆಯ ಮನೆಯಲ್ಲಿ ಅನಿಲದ ಒಲೆ ಇದೆ. ಚಹಕ್ಕೂ ಪಲ್ಯಕ್ಕೂ ಅದು ಸಾಕು. ಆದರೆ ಹತ್ತು ಮಂದಿಯ ರೊಟ್ಟಿಗೂ, ಚಳಿಗಾಲದ ಸ್ನಾನದ ನೀರಿಗೂ ಕಟ್ಟಿಗೆಯ ಒಲೆಯೇ. ಬೆಳಗಿನ ಥಂಡಿಗೆ ಬಾಗಿಲು ಹಾಕಿದೆ, ಬೆಳಕಿಂಡಿಯೂ ಮುಚ್ಚಿದೆ. ಒಳಗೆ ಹೊಗೆ ಮೊಳಕಾಲಿನವರೆಗೆ ಇಳಿದಿದೆ. ಬಾಗಿಲನ್ನಾದರೂ ತೆರೆಯಬಾರದೇ ಎಂದು ಕೇಳಿದೆವು. ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅಂದರು: “ತಗದ್ರ ಥಂಡಿ ಬರತೈತಿ, ಹಾಕಿದ್ರ ಹೊಗಿ ತುಂಬತೈತಿ. ಯಾವದನ್ನ ತಾಳಲಿ ಹೇಳು ತಮ್ಮಾ? ನೀ ಕಾಲೇಜಿನ್ಯಾಗ ಇದನ್ನ ಕಲಸೂದಿಲ್ಲೇನು?”

ಶಾಖದ ಅಧ್ಯಾಯವನ್ನು ಹತ್ತು ವರ್ಷ ಬೋಧಿಸಿದ ನಮ್ಮಲ್ಲಿ ಉತ್ತರವಿರಲಿಲ್ಲ.

ಅಂದು ಸಂಜೆ ಒಂದು ಲೆಕ್ಕ ಮಾಡಿದೆವು. ವಾಚಕರೂ ಮಾಡಿ ನೋಡಬಹುದು. ಇಪ್ಪತ್ತು ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು 500 ಕಿಲೋಕ್ಯಾಲೊರಿ ಸಾಕು. ಒಂದು ಕಿಲೋಗ್ರಾಂ ಒಣ ಕಟ್ಟಿಗೆ ಸುಮಾರು 3,500 ಕಿಲೋಕ್ಯಾಲೊರಿ ಕೊಡುವುದೆಂದು ಹಿಡಿದರೆ, ಬೇಕಾದ ಕಟ್ಟಿಗೆ 150 ಗ್ರಾಮಿಗೂ ಕಡಿಮೆ. ಆದರೆ ತೆರೆದ ಒಲೆಯಲ್ಲಿ ಪಾತ್ರೆಗೆ ಸೇರುವುದು ಹತ್ತರಲ್ಲಿ ಒಂದು ಪಾಲಿನಷ್ಟೆ. ಆದುದರಿಂದ ನಿಜವಾಗಿ ಸುಡುವುದು ಒಂದೂವರೆ ಕಿಲೋಗ್ರಾಮಿನ ಹತ್ತಿರ. ಮಿಕ್ಕ ಶಾಖ ಗೋಡೆಗೆ, ಗಾಳಿಗೆ, ಹೊಗೆಗೆ. ಹೊಗೆಯೆಂಬುದಾದರೂ ಏನು? ಸಾಕಷ್ಟು ಆಮ್ಲಜನಕ ದೊರೆಯದೆ ಪೂರ್ತಿ ಉರಿಯದೆ ಹೋದ ಕಟ್ಟಿಗೆಯೇ ಅದು. ಅದರಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಕಣಗಳಿವೆ. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇದೆ. ಮನೆಯೊಳಗಿನ ಇಂಥ ವಾಯುಮಾಲಿನ್ಯದಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ತೀರಿಕೊಂಡರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಹಾಗಾದರೆ ಅತ್ತೆಯ ಪ್ರಶ್ನೆಗೆ ಉತ್ತರವೇನು? ಹೊಗೆಗೊಂದು ಪ್ರತ್ಯೇಕ ದಾರಿ, ಎಂದರೆ ಹೊಗೆಕೊಳವೆ. ಬಿಸಿಗಾಳಿ ಹೊರಗಿನ ತಣ್ಣನೆಯ ಗಾಳಿಗಿಂತ ಹಗುರ. ಆದುದರಿಂದ ಕೊಳವೆಯಲ್ಲಿ ಮೇಲೇರುತ್ತದೆ, ಏರುತ್ತ ಒಲೆಯ ಬಾಯಿಂದ ಹೊಸ ಗಾಳಿಯನ್ನು ಒಳಗೆಳೆಯುತ್ತದೆ. ಒಳಗಿನ ಮತ್ತು ಹೊರಗಿನ ಉಷ್ಣತೆಯ ಅಂತರ ಹೆಚ್ಚಿದಷ್ಟೂ, ಕೊಳವೆ ಎತ್ತರವಾದಷ್ಟೂ ಈ ಸೆಳೆತ ಹೆಚ್ಚು. ಇಲ್ಲಿರುವ ಸ್ವಾರಸ್ಯವನ್ನು ಗಮನಿಸಬೇಕು. ಯಾವ ಚಳಿ ನಮ್ಮಿಂದ ಬಾಗಿಲು ಹಾಕಿಸುವುದೋ ಅದೇ ಚಳಿ ಹೊಗೆಕೊಳವೆಗೆ ಬಲ ಕೊಡುತ್ತದೆ!

ಇದು ನಮ್ಮ ಶೋಧವೇನೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಹುಟ್ಟಿತು. ಅಲ್ಲಿ ರೂಪುಗೊಂಡ, ಹೊಗೆಕೊಳವೆಯುಳ್ಳ ‘ಅಸ್ತ್ರ ಒಲೆ’ 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳನ್ನು ಮುಟ್ಟಿತು. ದೊಡ್ಡ ವಿಜ್ಞಾನಿಗಳು ಒಲೆಯ ಮುಂದೆ ಕೂರಲು ಸಂಕೋಚಪಡಲಿಲ್ಲ. ಸಂಕೋಚಪಟ್ಟವರು ನಾವು, ಪಾಠ ಹೇಳುವವರು.

ಈಗ ಅನಿಲ ಬಂದಿದೆ, ಕಟ್ಟಿಗೆಯ ಮಾತೇಕೆ ಎನ್ನುವವರುಂಟು. 2016ರಲ್ಲಿ ಉಜ್ವಲಾ ಯೋಜನೆ ಮೊದಲಾದಂದಿನಿಂದ ಬಡವರ ಮನೆಗೂ ಅನಿಲ ಬಂದುದು ನಿಜ, ಬಹಳ ಒಳ್ಳೆಯದೇ. ಆದರೆ ಹೊಲದಲ್ಲಿ ಬಿಟ್ಟಿ ದೊರೆಯುವ ಹತ್ತಿಕಟ್ಟಿಗೆ ಇರುವವರೆಗೆ ಬಚ್ಚಲ ಒಲೆ ಆರದು. ಹೊಗೆ ಜಂತಿಗೆ ಹುಳು ಹತ್ತದಂತೆ ಕಾಯುವುದೆಂದು ಹಿರಿಯರು ಹೇಳುತ್ತಾರೆ, ಅದರಲ್ಲಿ ಹುರುಳಿಲ್ಲವೆನ್ನಲಾರೆವು. ಜಂತಿ ಉಳಿಸಲು ಬೇರೆ ಉಪಾಯಗಳುಂಟು. ತಾಯಿಯ ಶ್ವಾಸಕೋಶಕ್ಕೆ ಇಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಶಾಖದ ಅಧ್ಯಾಯದ ಮೊದಲ ಪ್ರಯೋಗ ವಿದ್ಯಾರ್ಥಿಯ ಮನೆಯ ಒಲೆಯ ಮೇಲೆಯೇ ನಡೆಯಬೇಕು. ಈ ಚಳಿಗಾಲದಲ್ಲಿ ಒಂದು ದಿನ ಕಟ್ಟಿಗೆಯನ್ನು ತೂಗಿರಿ, ನೀರನ್ನು ಅಳೆಯಿರಿ, ಉಷ್ಣತೆಯನ್ನು ಬರೆದಿಡಿರಿ. ನಿಮ್ಮ ಒಲೆಯ ದಕ್ಷತೆಯನ್ನು ನೀವೇ ಕಂಡುಹಿಡಿಯಿರಿ. ಹುಡುಗರು ಒಂದು ರೊಟ್ಟಿಯನ್ನಾದರೂ ಬಡಿದು ಬೇಯಿಸಲಿ. ಹೊಗೆಯ ಭಾರ ಆಗ ತಿಳಿಯುವುದು. ಹೊಗೆಕೊಳವೆ ಬರುವವರೆಗೆ ಬೆಳಕಿಂಡಿಯನ್ನು ತೆರೆದಿಡಿರಿ. ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಎಂದಿಗೂ ಮಲಗದಿರಿ.

ಅತ್ತೆಯ ಮನೆಯ ಒಲೆಗೆ ಈ ಬೇಸಗೆಯಲ್ಲಿ ಹೊಗೆಕೊಳವೆ ಕೂರಿಸಿದೆವು. ಬರುವ ಭೋಗಿಗೆ ಅಲ್ಲಿಗೆ ಹೋಗಬೇಕೆಂದಿದ್ದೇವೆ. ಬಾಗಿಲು ಹಾಕಿದ್ದರೂ ಅವರ ಕಣ್ಣಲ್ಲಿ ನೀರಿಲ್ಲದಿದ್ದರೆ, ಆ ಅಧ್ಯಾಯವನ್ನು ನಾವು ಕಲಿತೆವೆಂದು ತಿಳಿಯುವೆವು.