ನೀರಿಗೆ ನಾಲ್ಕು ಹೆಸರು

ಶಾಲೆಯ ಹೊಸ್ತಿಲನ್ನು ಮೊದಲ ಸಲ ದಾಟುವ ಮಗು ಬರಿಗೈಯಲ್ಲಿ ಬರುವುದಿಲ್ಲ. ತಾಯಿಯ ಮಾತೊಂದನ್ನು ಕಲಿತೇ ಬಂದಿರುತ್ತದೆ. ಆ ಮಾತು ಗುರುಗಳ ಮಾತೂ ಆಗಿದ್ದರೆ ತೊಡಕಿಲ್ಲ. ಆಗಿರದಿದ್ದರೆ?

ಕಲಬುರಗಿ ಜಿಲ್ಲೆಯ ಪೂರ್ವಭಾಗದಲ್ಲಿ ಇದು ದಿನನಿತ್ಯದ ಪ್ರಶ್ನೆ. ಸೇಡಂ, ಚಿಂಚೋಳಿಗಳ ಗಡಿಯ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಮಾತು ತೆಲುಗು; ಶಹಾಬಾದದ ಕಲ್ಲುಗಣಿ, ವಾಡಿಯ ಸಿಮೆಂಟು ಕಾರ್ಖಾನೆಗಳ ಸುತ್ತ ದಖನಿ ಉರ್ದು; ಚಿತ್ತಾಪುರ, ಚಿಂಚೋಳಿಗಳ ತಾಂಡಾಗಳಲ್ಲಿ ಲಂಬಾಣಿ. ಬಾಯಾರಿದ ಮಗು ಒಂದೆಡೆ ‘ನೀಳ್ಳು’ ಎಂದರೆ ಮತ್ತೊಂದೆಡೆ ‘ಪಾನಿ’, ತಾಂಡಾದಲ್ಲಿ ‘ಪಾಣಿ’. ಶಾಲೆಯಲ್ಲಿ ಅದೇ ‘ನೀರು’. ದೊಡ್ಡವರಿಗೆ ಇದೊಂದು ವಿನೋದ, ಮಗುವಿಗಾದರೋ ಸಂಕಟ. ಕೇಳಿದ್ದಕ್ಕೆ ಉತ್ತರ ಹೇಳದ ಹುಡುಗನನ್ನು ದಡ್ಡನೆಂದು ಹಿಂದಿನ ಸಾಲಿಗೆ ದೂಡುವುದು ಸುಲಭ. ಪ್ರಶ್ನೆಯೇ ಅವನಿಗೆ ತಿಳಿದಿಲ್ಲವೆಂದು ಅರಿಯುವುದಕ್ಕೆ ತಾಳ್ಮೆ ಬೇಕು.

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಆ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು, ಎಳೆಯ ಮಕ್ಕಳನ್ನೂ ಬಿಡದೆ, ಜನರೆಲ್ಲರೂ ತಮ್ಮ ಮಾತಿನ ಮಟ್ಟಿಗೆ ಬಲ್ಲವರೇ ಎಂಬ ಅಭಿಪ್ರಾಯವನ್ನು ಹೇಳಿದೆ. ಅದೇ ನೆಲದ ಶಾಲೆಗಳಿಗೆ ಈ ಮಾತು ಇನ್ನೂ ಹೊಸದಾಗಿ ಕೇಳಿಸಬೇಕೆ!

೧೯೪೫ರಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರು ಪಶ್ಚಿಮ ಕರಾವಳಿಯ ಬೋರ್ಡಿಯಲ್ಲಿ ಬಡಮಕ್ಕಳ ಶಿಕ್ಷಣಕ್ಕೆ ತೊಡಗಿದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ಅಂಗನವಾಡಿ ಎಂಬ ಹೆಸರಿನ ಮೂಲವಿದು. ಬೆಲೆಬಾಳುವ ಆಟಿಕೆಗಳ ಬದಲು ಕಡ್ಡಿ, ಬೀಜ, ಬೆಣಚುಕಲ್ಲುಗಳೇ ಅಲ್ಲಿ ಪಾಠೋಪಕರಣಗಳಾದವು. ೧೯೭೫ರ ಅಕ್ಟೋಬರ್ ೨ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಟಿ. ನರಸೀಪುರ. ಅಂಗನವಾಡಿ ತಾಂಡಾಗಳನ್ನು ತಲುಪಿದ್ದು ಆ ಬಳಿಕ.

ತೊಗರಿಯ ನಾಡಿನಲ್ಲಿ ಎಣಿಕೆ ಕಲಿಸಲು ಕಾಳಿಗೆ ಬರವೆ? ಕಾರ್ಯಕರ್ತೆ ತಾಂಡಾದವಳೇ ಆದರೆ ಅರ್ಧ ಕೆಲಸ ಮುಗಿದಂತೆ. ಮಗು ‘ಯಾಡಿ’ ಎಂದು ಅಳುತ್ತ ಬಂದರೆ ಆಕೆ ಅದೇ ಮಾತಿನಲ್ಲಿ ಸಂತೈಸುವಳು. ‘ಅವ್ವ’ ಎಂಬ ಪದವನ್ನು ಹಾಡಿನ ಜೊತೆಗೆ, ಆಟದ ನಡುವೆ ಮೆಲ್ಲನೆ ತರುವಳು. ಲಂಬಾಣಿಗೆ ಸ್ವಂತ ಲಿಪಿಯಿಲ್ಲ; ಈ ನಾಡಿನಲ್ಲಿ ಅದನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆಯಬಹುದು. ಮುಂದೆ ಅಕ್ಷರ ಕಲಿಯುವ ಕಾಲಕ್ಕೆ ಇದು ಸಣ್ಣ ಅನುಕೂಲವಲ್ಲ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮನೆಮಾತಿನ ಪಕ್ಷವನ್ನೇ ವಹಿಸಿದೆ.

೨೦೨೪ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್.ಕೆ.ಜಿ., ಯು.ಕೆ.ಜಿ. ತರಗತಿಗಳು ಬಂದಾಗ ಅಂಗನವಾಡಿ ಕಾರ್ಯಕರ್ತೆಯರು ಪ್ರತಿಭಟಿಸಿದರು. ಬಾಗಿಲ ಮೇಲಿನ ಹೆಸರು ಯಾವುದಾದರೂ ಇರಲಿ, ಒಳಗೆ ಕುಳಿತವರಿಗೆ ಮಗುವಿನ ಮಾತು ತಿಳಿಯುವುದೇ ಎಂಬುದನ್ನು ಆ ಗದ್ದಲದಲ್ಲಿ ಕೇಳಿದವರು ವಿರಳ.

ಇನ್ನು ವಲಸೆ. ಕೂಲಿಗಾಗಿ ತಂದೆತಾಯಿಗಳು ಮುಂಬಯಿ, ಪುಣೆಗಳಿಗೆ ಹೊರಟರೆ ಮಗುವೂ ಹೊರಡುತ್ತದೆ. ತಿಂಗಳುಗಳ ಮೇಲೆ ಹಿಂದಿರುಗುವಾಗ ಅದರ ನಾಲಗೆಯ ಮೇಲೆ ಹಿಂದಿಯ ನಾಲ್ಕು ಮಾತುಗಳೂ ಸೇರಿರುತ್ತವೆ. ಹಾಜರಿ ಪುಸ್ತಕದಲ್ಲಿ ಮಾತ್ರ ಅಷ್ಟು ಕಾಲವೂ ಗೈರುಹಾಜರು.