ಆಟದ ಬಯಲು ಉಳಿಯಲಿ

ಎಳೆಯ ವಯಸ್ಸಿನಲ್ಲೇ ವಿದ್ಯಾರ್ಥಿಯನ್ನು ಒಂದೇ ಆಟಕ್ಕೆ ಕಟ್ಟಿಹಾಕುವುದು ವಿವೇಕವಲ್ಲ. ಕೊಡಗಿನ ಎಂ. ಪಿ. ಗಣೇಶ್ ಅವರ ಬಾಳು ಇದಕ್ಕೆ ನಿದರ್ಶನ. 1946ರಲ್ಲಿ ಜನಿಸಿದ ಅವರು ಮೊದಲು ತಮ್ಮ ಜಿಲ್ಲೆಯ ಪರವಾಗಿ ಆಡಿದ್ದು ಕಾಲ್ಚೆಂಡಾಟ. ಹಾಕಿಯಲ್ಲಿ ಕೀರ್ತಿ ಲಭಿಸಿದ್ದು ಸೇನೆಗೆ ಸೇರಿದ ತರುವಾಯ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದಲ್ಲಿದ್ದ ಅವರು, 1973ರ ವಿಶ್ವಕಪ್‌ನಲ್ಲಿ ನಾಯಕರಾಗಿ ಬೆಳ್ಳಿ ತಂದರು. ಮುಂದೆ ತರಬೇತುದಾರರಾಗಿ ಕಿರಿಯರಿಗೆ ದಾರಿ ತೋರಿದರು. 2020ರಲ್ಲಿ ಪದ್ಮಶ್ರೀ ಸಂದಿತು.

ಮಂಡ್ಯ, ಮದ್ದೂರು, ಮಳವಳ್ಳಿಗಳ ಶಾಲೆಗಳಲ್ಲಿ ಕಬಡ್ಡಿ, ಖೋಖೋ, ವಾಲಿಬಾಲ್ ಮೂರರಲ್ಲೂ ಮಿಂಚಬಲ್ಲ ರೈತಮಕ್ಕಳಿಗೆ ಕೊರತೆಯಿಲ್ಲ. ಪರೀಕ್ಷೆಯ ನೆಪದಲ್ಲಿ ಆಟದ ಅವಧಿಯನ್ನು ಕಸಿಯದ ಉಪಾಧ್ಯಾಯರು ಅವರಿಗೆ ಬೇಕು. ಹೆಸರು ಕೆತ್ತಿಸಿದ ಕೊಠಡಿಯ ದಾನ ದೊಡ್ಡದೇ. ಬಯಲನ್ನು ಬಯಲಾಗಿಯೇ ಉಳಿಸುವ ದಾನ ಅದಕ್ಕಿಂತ ಕಿರಿದಲ್ಲ.