ತಣ್ಣನೆಯ ಕೈ, ತಪ್ಪು ಲೆಕ್ಕ

ಕೈ ಜೋಮು ಹಿಡಿಯುತ್ತದೆ, ಅಂಗಾಲು ಉರಿಯುತ್ತದೆ ಎಂದು ಕೊಳ್ಳೇಗಾಲ, ಹನೂರು ಕಡೆಯ ಸಕ್ಕರೆ ಕಾಯಿಲೆಯವರು ಬಸ್ಸು ಹತ್ತಿ ಮೈಸೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ಅಲ್ಲಿ ನರ್ವ್ ಕಂಡಕ್ಷನ್ ಪರೀಕ್ಷೆ. ಚರ್ಮದ ಮೇಲಿಂದ ಕರೆಂಟಿನ ಸಣ್ಣ ಪೆಟ್ಟು ಕೊಟ್ಟು, ಅದು ನರದಲ್ಲಿ ಎಷ್ಟು ಬೇಗ ಸಾಗಿತೆಂದು ಅಳೆಯುತ್ತಾರೆ. ಆರೋಗ್ಯವಂತರ ಕೈಯಲ್ಲಿ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 50 ಮೀಟರ್ ದಾಟುತ್ತದೆ, ಕಾಲಿನಲ್ಲಿ 40. ಕಡಿಮೆ ಬಂದರೆ ನರ ಕೆಟ್ಟಿದೆ ಎಂಬ ಅನುಮಾನ.

ಆ ಹೊತ್ತಿನಲ್ಲಿ ಕೈ ಎಷ್ಟು ಬೆಚ್ಚಗಿತ್ತು?

ಇದು ಅಡ್ಡಪ್ರಶ್ನೆಯಲ್ಲ. ಉಷ್ಣತೆ ಒಂದು ಡಿಗ್ರಿ ಇಳಿದರೆ ವೇಗ ಸುಮಾರು 2 ಮೀಟರ್ ತಗ್ಗುತ್ತದೆ. 33 ಡಿಗ್ರಿಯಲ್ಲಿ 54 ತೋರಿಸುವ ಕೈ, ಎಸಿ ಕೋಣೆಯಲ್ಲಿ ಕಾದು 27ಕ್ಕೆ ಇಳಿದರೆ 42 ತೋರಿಸೀತು. ನರದ ಪೊರೆಯಲ್ಲಿ ಸೋಡಿಯಂ ಒಳಬರುವ ಬಾಗಿಲುಗಳು ಚಳಿಗೆ ತಡವಾಗಿ ತೆರೆದು ತಡವಾಗಿ ಮುಚ್ಚುತ್ತವೆ. ಹೆಚ್ಚು ಹೊತ್ತು ತೆರೆದೇ ಇರುವುದರಿಂದ ಪರದೆಯ ಮೇಲಿನ ಅಲೆ ಎತ್ತರವೂ ಆಗುತ್ತದೆ. ಅಂದರೆ ಚಳಿ ಎರಡು ಬಗೆಯಲ್ಲಿ ದಾರಿ ತಪ್ಪಿಸುತ್ತದೆ: ನೆಟ್ಟಗಿರುವ ನರವನ್ನು ನಿಧಾನವೆನಿಸುತ್ತದೆ, ಸೊರಗಿದ ನರದ ಅಲೆಯನ್ನು ಹಿಗ್ಗಿಸಿ ರೋಗವನ್ನು ಮುಚ್ಚಿಡುತ್ತದೆ. ಎರಡನೆಯದೇ ಹೆಚ್ಚು ಅಪಾಯ.

ನರಕ್ಕೂ ತಂಪಿಗೂ ಇರುವ ನಂಟನ್ನು ಯಳಂದೂರು ಬೇರೆ ರೀತಿಯಲ್ಲಿ ಕಂಡಿದೆ. ಅಲ್ಲಿ ಕುಷ್ಠರೋಗ ಹರಡಿದ್ದರಿಂದಲೇ ಡಾ. ಎಚ್. ಸುದರ್ಶನ್ 1986ರಲ್ಲಿ ಕರುಣಾ ಟ್ರಸ್ಟ್ ಕಟ್ಟಿದರು. ಟ್ರಸ್ಟಿನ ಲೆಕ್ಕದಂತೆ 1987ರಲ್ಲಿ ಸಾವಿರಕ್ಕೆ 21.4 ಇದ್ದ ರೋಗಿಗಳ ಪ್ರಮಾಣ 2005ಕ್ಕೆ 0.28ಕ್ಕೆ ಇಳಿಯಿತು. ಈ ರೋಗಾಣುವಿಗೆ ಮೈಯ ತಂಪು ಜಾಗಗಳೇ ಇಷ್ಟ: ಕಿವಿಯ ಹಾಲೆ, ಮೂಗು, ಮೊಣಕೈ ಬಳಿ ಚರ್ಮದಡಿಯಲ್ಲೇ ಹಾಯುವ ಅಲ್ನಾರ್ ನರ. ಬೆಚ್ಚಗಿರುವ ಕಂಕುಳು, ತೊಡೆಸಂದುಗಳನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೀಗೆ ರೋಗಕ್ಕೆ ಹೆಚ್ಚು ತುತ್ತಾಗುವ ನರವೇ ಬೇಗ ತಣ್ಣಗಾಗುವ ನರವೂ ಹೌದು. ಅಲ್ಲಿ ಕಂಡ ನಿಧಾನದಲ್ಲಿ ರೋಗದ ಪಾಲೆಷ್ಟು, ಚಳಿಯ ಪಾಲೆಷ್ಟು?

ಸೂತ್ರ ಹಾಕಿ ಸರಿಪಡಿಸಿದರಾಯಿತಲ್ಲ ಎನ್ನುವವರಿದ್ದಾರೆ. ಆದರೆ ಡಿಗ್ರಿಗೆ ಎರಡು ಮೀಟರ್ ಎಂಬುದು ಆರೋಗ್ಯವಂತರ ನರ ನೋಡಿ ಹಾಕಿದ ಲೆಕ್ಕ. ಮಯಲಿನ್ ಹೊದಿಕೆ ಕಳಚಿದ ನರ ಅದೇ ಲೆಕ್ಕಕ್ಕೆ ಬಗ್ಗಬೇಕೆಂದಿಲ್ಲ. ಕೈಯನ್ನು 32 ಡಿಗ್ರಿಯವರೆಗೆ ಬೆಚ್ಚಗೆ ಮಾಡಿ ಅಳೆಯುವುದೇ ಸರಿ; ಅಳೆದಾಗಿನ ಉಷ್ಣತೆಯನ್ನು ವರದಿಯಲ್ಲಿ ಬರೆಯಲೂಬೇಕು. ಹೊರಗೆ ಸಾಲು ನಿಂತಿರುವಾಗ ಇದಕ್ಕೆಲ್ಲ ಪುರಸೊತ್ತೆಲ್ಲಿ ಎಂಬ ಗೊಣಗಾಟ ಸಹಜ. ಹನೂರಿನಿಂದ ಬಂದವರನ್ನು ಮತ್ತೊಮ್ಮೆ ಬನ್ನಿ ಎಂದು ಕಳಿಸುವುದಕ್ಕಿಂತ ಒಂದು ಬಕೆಟ್ ಬಿಸಿನೀರು ಅಗ್ಗ.

ಆ ನೀರಿನ ಬಿಸಿಯನ್ನು ಮಾತ್ರ ಸಿಬ್ಬಂದಿಯೇ ನೋಡಬೇಕು. ಕುಷ್ಠರೋಗದಲ್ಲಿ ಬಿಸಿ-ತಂಪಿನ ಅರಿವು ಬೇಗನೆ ಹೋಗುತ್ತದೆ. ಸಕ್ಕರೆ ಕಾಯಿಲೆಯಲ್ಲೂ ಪಾದಕ್ಕೆ ಸುಡುವುದು ತಿಳಿಯದೆ ಬೊಬ್ಬೆ ಏಳಬಹುದು.